ಪಾಲಬಾವಿಯ ನೇರಳೆ ಚೌಕಗಳು

ನಿಪ್ಪಾಣಿಯಲ್ಲಿ ನನ್ನನ್ನು ಸುಮತಿ ಎಂದು ಕರೆದವರು ಕಡಿಮೆ. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಅನ್ನುತ್ತಾರೆ. ಲೈಟ್ ಬಾಯಿ ಎಂದರೆ ಮಾತ್ರ ಬಸ್ ಸ್ಟ್ಯಾಂಡಿನ ಪಾನಂಗಡಿಯವನೂ ಗುರುತು ಹೇಳುತ್ತಿದ್ದ. ಕ್ಯಾನ್ಸರ್ ಗಂಟಿಗೆ ಮಷೀನಿನಿಂದ ವಿಕಿರಣ ಕೊಡುವುದು ನನ್ನ ಕೆಲಸವಾಗಿತ್ತು. ನಮ್ಮ ಕಡೆಯ ಜನ ಅದಕ್ಕೆ 'ಲೈಟ್ ಕೊಡೋದು' ಅನ್ನುತ್ತಾರೆ. ಕನ್ನಡದವರೂ ಹಾಗೇ, ಮರಾಠಿಯವರೂ ಹಾಗೇ. ಆ ಲೈಟಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಎಳ್ಳಷ್ಟೂ ಇಲ್ಲ. ಕಂಡಿದ್ದರೆ ಜನ ಸ್ವಲ್ಪವಾದರೂ ಹೆದರುತ್ತಿದ್ದರು, ನಾವೂ ಹೆದರುತ್ತಿದ್ದೆವು.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬ ಪುರಾಣ ನನಗೂ ಬೇಡ, ನಿಮಗೂ ಬೇಡ. ನಾನು ಎಲ್ಲಿ ಎಡವಿದೆ ಎಂದು ಹೇಳುತ್ತೇನೆ. ಅದನ್ನು ಓದಿಯೂ ನೀವು ಅಲ್ಲೇ ಎಡವಿದರೆ ನಿಮ್ಮ ಹಣೆಬರಹ.

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಅದು ಮುಚ್ಚಿ ಬಹಳ ವರ್ಷವಾಯಿತು. ಮೊದಲು ಅದು ತಂಬಾಕಿನ ಗೋದಾಮಾಗಿತ್ತಂತೆ. ಸುಣ್ಣ ಬಳಿದು, ಫಿನಾಯಿಲ್ ಹಾಕಿ ತೊಳೆದರೂ ಗೋಡೆಗಳಿಂದ ತಂಬಾಕಿನ ವಾಸನೆ ಹೋಗಲಿಲ್ಲ. ಅದೇ ತಂಬಾಕು ತಿಂದು ಬಾಯಿ ಹುಣ್ಣಾದವರು ಆ ವಾಸನೆಯಲ್ಲೇ ಬೆಂಚಿನ ಮೇಲೆ ಸಾಲಾಗಿ ಕುಳಿತು ನನ್ನ ಕರೆಗೆ ಕಾಯುತ್ತಿದ್ದರು.

ಮಷೀನಿನ ಕೋಣೆ ಹಿಂಭಾಗದಲ್ಲಿತ್ತು. ಗೋಡೆ ಎಷ್ಟು ದಪ್ಪವೆಂದರೆ ಒಳಗೆ ಹೋದವರಿಗೆ ಹೊರಗಿನ ಒಂದು ಸದ್ದೂ ಕೇಳುತ್ತಿರಲಿಲ್ಲ. ವಿಕಿರಣ ನೇರವಾಗಿ ಹೋಗುವಂಥದ್ದು. ಹಾಗಾಗಿ ಬಾಗಿಲಿನಿಂದ ಮಷೀನಿನವರೆಗಿನ ಹಾದಿಯನ್ನು ಒಂದು ಕಡೆ ತಿರುವು ಕೊಟ್ಟು ಕಟ್ಟಿದ್ದರು. ಪೇಶಂಟನ್ನು ಮಂಚದ ಮೇಲೆ ಮಲಗಿಸಿ, ಅಲುಗಾಡಬೇಡಿ ಎಂದು ಹೇಳಿ, ನಾನು ಹೊರಗೆ ಬಂದು ಬಾಗಿಲು ಹಾಕುತ್ತಿದ್ದೆ. ಬಾಗಿಲಲ್ಲಿ ದಪ್ಪನೆಯ ಹಳದಿ ಗಾಜು. ಹಾದಿಯ ಮೂಲೆಯಲ್ಲಿ ಒಂದು ದುಂಡು ಕನ್ನಡಿ. ಗಾಜಿನೊಳಗಿಂದ ಕನ್ನಡಿ ನೋಡಿದರೆ ಮಲಗಿದವರ ಮುಖ ಕಾಣುತ್ತಿತ್ತು. ಗುಂಡಿ ಒತ್ತಿದರೆ ಗಾಳಿಯ ಭುಸ್ ಎಂಬ ಸದ್ದು, ಬಾಗಿಲ ಮೇಲೆ ಕೆಂಪು ದೀಪ. ಸೀಸದ ಗುಂಡಿನೊಳಗೆ ಅಡಗಿದ್ದ ಕೋಬಾಲ್ಟ್, ಅಂದರೆ ವಿಕಿರಣ ಸೂಸುವ ಲೋಹ, ಮುಂದೆ ಬಂತು ಎಂದು ಅರ್ಥ. ಒಂದು ಮಾತು ನೆನಪಿಡಿ, ಆ ಕೋಬಾಲ್ಟಿಗೆ ಸ್ವಿಚ್ಚಿಲ್ಲ. ಅದು ಯಾವಾಗಲೂ ಉರಿಯುತ್ತಲೇ ಇರುತ್ತದೆ. ಭಾನುವಾರ ಬೀಗ ಹಾಕಿದ ಕೋಣೆಯಲ್ಲೂ, ಯಾರೂ ಇಲ್ಲದಾಗಲೂ. ನಾವು ಮಾಡುವುದು ಅದರ ಮುಂದಿನ ಬಾಗಿಲು ತೆಗೆಯುವುದು, ಹಾಕುವುದು, ಅಷ್ಟೇ.

ಸೇರಿದ ಹೊಸತರಲ್ಲೇ ಕಾಗವಾಡದ ಒಬ್ಬ ಮುದುಕಿ ಲೈಟ್ ಮುಗಿಸಿ ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದಳು.

"ಒಳಗ ಮೂಲ್ಯಾಗ ಒಬ್ಬಾಕಿ ನಿಂತಿರ್ತಾಳಲ್ರಿ, ಆಕಿ ಯಾರ್ರಿ?"

ಯಾರೂ ಇರುವುದಿಲ್ಲ, ಇದ್ದರೆ ಅವರೂ ಸುಟ್ಟು ಹೋಗುತ್ತಾರೆ ಎಂದೆ. ಮುದುಕಿ ನಂಬಲಿಲ್ಲ. ಆಕೆ ಮಾತಾಡುವುದಿಲ್ಲ, ಬರೀ ನೋಡುತ್ತಾಳೆ ಎಂದಳು. ಮತ್ತೊಂದು ತಿಂಗಳಿಗೆ ಚಿಕ್ಕೋಡಿಯ ಮಾಸ್ತರರೊಬ್ಬರು ಅದನ್ನೇ ಕೇಳಿದರು. ಆಮೇಲೆ ಇನ್ನಿಬ್ಬರು. ಒಬ್ಬರಿಗೊಬ್ಬರಿಗೆ ಪರಿಚಯವಿಲ್ಲ. ಮೂಲೆಯ ಗೂಟಕ್ಕೆ ಸೀಸದ ಏಪ್ರನ್ ತೂಗುಹಾಕಿದ್ದೆವು, ಅದೇ ಮನುಷ್ಯರ ಹಾಗೆ ಕಾಣುತ್ತಿರಬೇಕೆಂದು ತೆಗೆಸಿಬಿಟ್ಟೆ. ಕೇಳುವವರು ಮಾತ್ರ ಕೇಳುತ್ತಲೇ ಇದ್ದರು. ನನ್ನ ಜೊತೆಗಿದ್ದ ಆಯಾ ರಾಜ್ಮಾ, ಕುಡಚಿಯವಳು, ಧೈರ್ಯದ ಹೆಂಗಸು, ಅವಳೂ ಒಬ್ಬಳೇ ಆ ಕೋಣೆ ಗುಡಿಸುವುದನ್ನು ಬಿಟ್ಟಳು. ನಾನು ಬಾಗಿಲಲ್ಲಿ ನಿಂತಿರಬೇಕು, ಆಮೇಲೆ ಕಸಬರಿಗೆ ಮುಟ್ಟುವುದು.

ನಮ್ಮ ಮೇಲಿನವರು ದೊಡ್ಡ ಡಾಕ್ಟರು. ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಕೆಟ್ಟವರಲ್ಲ. ಊಟ ಬಿಟ್ಟು ಪೇಶಂಟ್ ನೋಡುತ್ತಿದ್ದರು, ಬಡವರನ್ನು ಗದರಿದ್ದನ್ನು ನಾನು ಕಾಣೆ. ಆದರೆ ಅವರ ತಲೆಯಲ್ಲಿ ಒಂದೇ ಲೆಕ್ಕ, ಮೂವತ್ತು. ಯಾರೇ ಬರಲಿ ಮೂವತ್ತು ಲೈಟು, ದಿನಕ್ಕೊಂದು. ಜನರಿಗೂ ಅದೇ ಬೇಕಿತ್ತು. ಇಪ್ಪತ್ತಕ್ಕೆ ನಿಲ್ಲಿಸಿದರೆ ನಮ್ಮ ಮನುಷ್ಯನ ಆಸೆ ಬಿಟ್ಟರಾ ಎಂದು ಕೇಳುತ್ತಿದ್ದರು. ಲೈಟು ಹೆಚ್ಚಾದಷ್ಟೂ ಆಯುಷ್ಯ ಹೆಚ್ಚು ಎಂದು ಎಲ್ಲರೂ ನಂಬಿದ್ದರು. ಸುಳ್ಳೇಕೆ, ಮೊದಲು ನಾನೂ ನಂಬಿದ್ದೆ.

ಅಥಣಿಯಿಂದ ಬಸಪ್ಪ ಎಂಬ ಚಪ್ಪಲಿ ಹೊಲಿಯುವವನು ಬರುತ್ತಿದ್ದ. ಕ್ಯಾನ್ಸರು ಬೆನ್ನೆಲುಬಿಗೆ ಇಳಿದಿತ್ತು. ವಾಸಿಯಾಗುವ ಹಂತ ದಾಟಿತ್ತು, ನೋವು ಕಡಿಮೆಯಾದರೆ ಸಾಕಿತ್ತು. ಮೂರು ನಾಲ್ಕು ಲೈಟಿಗೇ ನೋವು ಇಳಿಯಿತು. ಅಲ್ಲಿಗೆ ಮನೆಗೆ ಕಳಿಸಿದ್ದರೆ ಅವನು ತನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತಾದರೂ ದಿನ ಕಳೆಯುತ್ತಿದ್ದ. ಆದರೆ ಮೂವತ್ತು ಎಂದರೆ ಮೂವತ್ತು. ದಿನಾ ಟೆಂಪೊದ ಹಿಂದೆ ಗಾದಿ ಹಾಕಿ ಅಥಣಿಯಿಂದ ತರುತ್ತಿದ್ದರು, ಸಂಜೆ ಒಯ್ಯುತ್ತಿದ್ದರು. ಹತ್ತೊಂಬತ್ತನೆಯ ದಿನ ಹೋಗುವಾಗ ದಾರಿಯಲ್ಲೇ ತೀರಿಕೊಂಡ. ಮೂರು ದಿನ ಬಿಟ್ಟು ಮಗ ಬಂದ, ತಲೆ ಬೋಳಿಸಿದ್ದ. ಜೊತೆಗೆ ತಾಯಿಯನ್ನು ಕರೆತಂದಿದ್ದ.

"ಅಪ್ಪನ ಹನ್ನೊಂದ ಲೈಟ್ ಉಳದಾವಲ್ರಿ ಬಾಯಾರ. ಅವ್ವಗ ಬೆನ್ನ ನೋಯ್ತೈತಿ. ಆಕಿಗರ ಕೊಟ್ಟಬಿಡ್ರಿ."

ಚಾಷ್ಟಿ ಮಾಡಿ ನಗುತ್ತಿದ್ದಾನೋ ಎಂದು ಮುಖ ನೋಡಿದೆ. ಇಲ್ಲ, ಮನಸಾರೆ ಕೇಳುತ್ತಿದ್ದ. ತಾಯಿ ಆಗಲೇ ಬೆನ್ನ ಮೇಲಿನ ಸೆರಗು ಸರಿಸಿ ನಿಂತಿದ್ದಳು. ಅವರನ್ನು ಬೈದು ಕಳಿಸಿದೆ. ಬೈದಿದ್ದು ತಪ್ಪು. ಹಾಗೆ ಎಣಿಸುವುದನ್ನು ಅವರಿಗೆ ಕಲಿಸಿದವರು ನಾವೇ ತಾನೆ.

ಇನ್ನು ಚೌಕದ ಸಂಗತಿ. ಲೈಟು ಎಲ್ಲಿ ಬೀಳಬೇಕೋ ಅಲ್ಲಿ ಚರ್ಮದ ಮೇಲೆ ನೇರಳೆ ಶಾಯಿಯಲ್ಲಿ ಚೌಕ ಬರೆಯುವುದು ನನ್ನ ಕೆಲಸ. ನನ್ನ ಗೆರೆ ಬಹಳ ನೀಟು, ಆ ಬಗ್ಗೆ ನನಗೆ ಜಂಬವೂ ಇತ್ತು. ಮೂವತ್ತು ದಿನ ಆ ಚೌಕ ಅಳಿಸಬಾರದು, ನೀರು ಸೋಪು ತಾಗಿಸಬಾರದು ಎಂದು ಪೇಶಂಟರಿಗೆ ತಾಕೀತು ಮಾಡುತ್ತಿದ್ದೆ. ಶಾಯಿ ಕೊನೆಗೆ ಹೋಗುತ್ತದೆ, ಚೌಕ ಹೋಗುವುದಿಲ್ಲ. ಅಷ್ಟು ಜಾಗದ ಚರ್ಮ ಕಪ್ಪಾಗಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಗಂಡಸರಾದರೆ ಗಡ್ಡದಲ್ಲಿ ಒಂದು ಚೌಕ ಕೂದಲೇ ಬರುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಪಕ್ಕದವರ ಕೆನ್ನೆಯ ಮೇಲೆ ನನ್ನ ಚೌಕ ಕಾಣುತ್ತಿತ್ತು. ಮುಖ ಮರೆತಿರುತ್ತಿದ್ದೆ, ಚೌಕದ ಅಳತೆ ಮರೆಯುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ರಾಯಬಾಗ ತಾಲೂಕಿನ ಪಾಲಬಾವಿಯಿಂದ ತಂಗೆವ್ವ ಬಂದಳು. ಮೂವತ್ತೈದರ ಸುಮಾರಿನ ಹೆಂಗಸು, ಕಬ್ಬಿನ ಹೊಲದಲ್ಲಿ ದುಡಿದ ಗಟ್ಟಿ ಮೈ. ಬಲಗಡೆ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಗಂಟಿನ ಚೂರು ತೆಗೆದು ಬೆಳಗಾವಿಯ ಲ್ಯಾಬಿಗೆ ಕಳಿಸಿದ್ದರು. ಅಲ್ಲಿಂದ ಉತ್ತರ ಬರುವುದಕ್ಕೆ ವಾರಗಟ್ಟಲೆ ಬೇಕು. ದೊಡ್ಡ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ಇಂಥ ಗಂಟು ಎಷ್ಟು ನೋಡಿಲ್ಲ, ಕಾಯುತ್ತ ಕುಳಿತರೆ ಹರಡುತ್ತದೆ, ನಾಳೆಯಿಂದಲೇ ಲೈಟು ಶುರು ಮಾಡು ಎಂದರು. ನಾನು ಚೌಕ ಬರೆದೆ.

ಹನ್ನೆರಡನೆಯ ಲೈಟು ಮುಗಿದ ದಿನ ಲ್ಯಾಬಿನ ಲಕೋಟೆ ಬಂತು. ಒಡೆಯಲಿಲ್ಲ. ಒಂದು ವರ್ಷದ ಹಿಂದೆ ಹೀಗೇ ಒಂದು ಲಕೋಟೆ ಒಡೆದು ನೋಡಿದ್ದಕ್ಕೆ ದೊಡ್ಡ ಡಾಕ್ಟರು ಎಲ್ಲರೆದುರು, ಗುಂಡಿ ಒತ್ತುವುದು ನಿನ್ನ ಕೆಲಸ, ಓದುವುದು ನನ್ನ ಕೆಲಸ ಎಂದಿದ್ದರು. ಆ ಮಾತು ನನಗೆ ನಾಟಿತ್ತು. ಸಿಟ್ಟಿನಿಂದಲೇ ಲಕೋಟೆಯನ್ನು ತಂಗೆವ್ವನ ಫೈಲಿನ ಬೆನ್ನಿಗೆ ಪಿನ್ ಹಾಕಿ ಕಪಾಟಿನಲ್ಲಿಟ್ಟೆ. ಓದುವವರು ಓದಿಕೊಳ್ಳಲಿ ಎಂದು. ನನ್ನ ಇಡೀ ಕಥೆ ಆ ಪಿನ್ನಿನಲ್ಲಿದೆ. ಅವರು ಫೈಲನ್ನು ತಿರುಗಿಸಿ ನೋಡಲಿಲ್ಲ, ನಾನು ನೆನಪಿಸಲಿಲ್ಲ.

ಹದಿನೈದನೆಯ ದಿನಕ್ಕೆ ಒಂದು ವಿಚಿತ್ರ ಕಂಡೆ. ತಂಗೆವ್ವನ ಚೌಕ ನಡೆಯುತ್ತಿತ್ತು. ನಾನು ಕಿವಿಯ ಕೆಳಗೆ ಬರೆದದ್ದು ಎರಡು ಬೆರಳಿನಷ್ಟು ಗಂಟಲಿನ ಕಡೆ ಸರಿದಿತ್ತು. ನನ್ನ ಕೈ ನನಗೆ ಗೊತ್ತಿಲ್ಲವೇ? ಗದರಿ ಕೇಳಿದ ಮೇಲೆ ಬಾಯಿಬಿಟ್ಟಳು. ಅಳಿಸಿಹೋದರೆ ಲೈಟು ಬೇರೆ ಕಡೆ ಬಿದ್ದೀತೆಂಬ ಭಯಕ್ಕೆ ದಿನಾ ಬೆಳಿಗ್ಗೆ ಕನ್ನಡಿ ಹಿಡಿದು, ನಾಲಿಗೆಗೆ ಒತ್ತಿ ಬರೆಯುವ ಶಾಯಿ ಪೆನ್ಸಿಲಿನಿಂದ ತಾನೇ ತಿದ್ದುತ್ತಿದ್ದಳಂತೆ. ಕನ್ನಡಿಯಲ್ಲಿ ನೋಡಿ ತಿದ್ದಿದರೆ ದಿನಕ್ಕೊಂದು ಎಳ್ಳುಕಾಳಿನಷ್ಟು ಸರಿಯದೆ ಇರುತ್ತದೆಯೇ. ನಗುತ್ತ ಹೇಳಿದಳು, ನಾಲಿಗೆಯೂ ನೇರಳೆಯಾಗಿತ್ತು. ನಾನು ನಗಲಿಲ್ಲ, ಚೌಕ ಮತ್ತೆ ಬರೆದೆ.

ಗಂಟು ಕರಗಿತು. ಮೂವತ್ತು ಮುಗಿದ ದಿನ ದೊಡ್ಡ ಡಾಕ್ಟರು ಅವಳನ್ನು ಬೆಂಚಿನ ಮೇಲಿದ್ದವರಿಗೆಲ್ಲ ತೋರಿಸಿದರು. ತಂಗೆವ್ವ ನನ್ನ ಕಾಲಿಗೆ ಬಿದ್ದಳು. ಅಂದಿನಿಂದ ಅವಳು ಸೆರಗನ್ನು ಆ ಚೌಕ ಕಾಣುವ ಹಾಗೇ ಹೊದೆಯುತ್ತಿದ್ದಳು.

ನಾಲ್ಕು ತಿಂಗಳಿಗೆ ಅವಳು ನೆಗೆಣ್ಣಿ ಶೋಭಾಳನ್ನು, ಅಂದರೆ ಮೈದುನನ ಹೆಂಡತಿಯನ್ನು ಕರೆತಂದಳು. ಅವಳ ಕುತ್ತಿಗೆಯಲ್ಲೂ ಗಂಟು. ಈ ಸಲ ಡಾಕ್ಟರು ಚೂರನ್ನೂ ತೆಗೆಯಲಿಲ್ಲ. ಅದೇ ಮನೆ, ಅದೇ ಗಂಟು, ಅದೇ ಲೈಟು ಎಂದರು. ಶೋಭಾಳಿಗೆ ಹತ್ತು ಲೈಟು ಮುಗಿದ ದಿನ, ಅದು ಶನಿವಾರ, ತಂಗೆವ್ವ ತನ್ನ ಮಗಳು ರೇಣುಕಾಳನ್ನೂ ಜೊತೆಗೆ ತಂದಳು. ಎಂಟು ವರ್ಷದ ಹುಡುಗಿ. ಎಡಗಡೆ ಕುತ್ತಿಗೆಯಲ್ಲಿ ಅಡಿಕೆ ಗಾತ್ರದ ಗಂಟು, ಅದರ ಸುತ್ತ ಆಗಲೇ ಬರೆದ ನೇರಳೆ ಚೌಕ. ಥೇಟ್ ನನ್ನ ಕೈಯ ಚೌಕ, ಮೂಲೆ ಸಮೇತ. ನಾನು ಬರೆದಿರಲಿಲ್ಲ.  ತಂಗೆವ್ವ ಹೆಮ್ಮೆಯಿಂದ ಹೇಳಿದಳು, ತಾನೇ ಹಾಕಿದ್ದು, ಬಾಯಿಯವರಿಗೆ ಕೆಲಸ ಕಡಿಮೆಯಾಗಲಿ ಎಂದು.

ಡಾಕ್ಟರು ಗಂಟು ಒತ್ತಿ ನೋಡಿ, ಸೋಮವಾರದಿಂದ ಶುರು ಎಂದರು.

ಬೆಳೆಯುವ ಕೂಸಿನ ಕುತ್ತಿಗೆಗೆ ಲೈಟು ಬಿದ್ದರೆ ಆ ಕಡೆಯ ಎಲುಬು ಬೆಳೆಯುವುದು ನಿಲ್ಲುತ್ತದೆ. ಇಂದಿಲ್ಲದ ಕ್ಯಾನ್ಸರು ಹದಿನೈದು ಇಪ್ಪತ್ತು ವರ್ಷಕ್ಕೆ ಅದರಿಂದಲೇ ಬರಬಹುದು. ಇದನ್ನು ನಾನು ಮೀರಜಿನಲ್ಲಿ ಕಲಿಯುವಾಗಲೇ ಓದಿದ್ದೆ. ನಿಜವಾದ ಕ್ಯಾನ್ಸರಾದರೆ ಅದನ್ನೂ ಸಹಿಸಬೇಕು, ಬೇರೆ ದಾರಿಯಿಲ್ಲ. ಆದರೆ ಕ್ಯಾನ್ಸರು ಹೀಗೆ ಒಂದೇ ಮನೆಯಲ್ಲಿ ಹೆಂಗಸಿನಿಂದ ಹೆಂಗಸಿಗೆ, ಹೆಂಗಸಿನಿಂದ ಕೂಸಿಗೆ ಹತ್ತುತ್ತದೆಯೇ?  ಭಾನುವಾರ ಬೆಳಿಗ್ಗೆ ಎದ್ದವಳೇ ನನ್ನ ಊರಾದ ಅಂಕಲಿಗೆ ಹೋಗುವುದನ್ನು ಬಿಟ್ಟು ರಾಯಬಾಗದ ಬಸ್ಸು ಹತ್ತಿದೆ.

ಪಾಲಬಾವಿಯಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ. ತಂಗೆವ್ವನ ಓಣಿ ಕೇಳಿಕೊಂಡು ಹೋದೆ. ಓಣಿಯ ಬಾಯಲ್ಲೇ ಐದಾರು ಮಕ್ಕಳು ಗೋಲಿ ಆಡುತ್ತಿದ್ದರು. ಸಪ್ಪಳ ಕೇಳಿ ಎಲ್ಲರೂ ಒಮ್ಮೆಲೇ ತಲೆ ಎತ್ತಿದರು. ಪ್ರತಿಯೊಬ್ಬರ ಕುತ್ತಿಗೆಯ ಮೇಲೂ ನೇರಳೆ ಚೌಕ.

ನಿಂತಲ್ಲೇ ನಿಂತೆ. ಮಕ್ಕಳೂ ಆಟ ಬಿಟ್ಟು ನನ್ನನ್ನು ನೋಡಿದರು. ಮುಂದೆ ಹೋದರೆ ಹೊಸ್ತಿಲಲ್ಲಿ ಒಬ್ಬ ಬಾಣಂತಿ ಕೂಸಿಗೆ ಮೊಲೆ ಕುಡಿಸುತ್ತಿದ್ದಳು, ಕೂಸಿನ ಕುತ್ತಿಗೆಗೂ ಪುಟ್ಟ ಚೌಕ. ಗೂಟಕ್ಕೆ ಕಟ್ಟಿದ್ದ ಕರುವಿನ ಗಂಟಲ ಬಳಿಯ ಬಿಳಿ ಕೂದಲಲ್ಲಿ ಕೂಡ.  ಬಾಣಂತಿಯನ್ನು ಕೇಳಿದರೆ ತಣ್ಣಗೆ ಹೇಳಿದಳು. ತಂಗೆವ್ವನ ಮನೆಗೆ ಏನೋ ಹೊಕ್ಕಿದೆ, ಒಬ್ಬೊಬ್ಬರನ್ನೇ ಹಿಡಿಯುತ್ತಿದೆ, ಅವರ ಮನೆಯ ನೀರು ಸಹ ಯಾರೂ ಕುಡಿಯುವುದಿಲ್ಲ. ಆದರೆ ತಂಗೆವ್ವ ಲೈಟಿನಿಂದ ಬದುಕಿ ಬಂದವಳು, ಅವಳ ಕೈಯ ಚೌಕ ಇದ್ದರೆ ಅದು ಹತ್ತಿರ ಬರುವುದಿಲ್ಲ.

ತಂಗೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಎದುರಿಗೆ ಪಕ್ಕದ ಮನೆಯ ಹುಡುಗಿಯ ಕುತ್ತಿಗೆ. ಪೆನ್ಸಿಲನ್ನು ನಾಲಿಗೆಗೆ ಒತ್ತಿ ಗೆರೆ ಎಳೆಯುತ್ತಿದ್ದಳು. ನನ್ನನ್ನು ನೋಡಿ ಖುಷಿಯಿಂದ ಎದ್ದು, ನೇರಳೆ ನಾಲಿಗೆಯಿಂದಲೇ ಬರ್ರಿ ಬರ್ರಿ ಎಂದು ಕರೆದಳು. ಆಗ ಒಳಗಿನ ಕತ್ತಲೆಯಿಂದ ಕೆಮ್ಮು ಕೇಳಿತು. ಸಣ್ಣ ಕೆಮ್ಮಲ್ಲ. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾಗುವ, ಆಳದಿಂದ ಕಿತ್ತು ಬರುವ ಕೆಮ್ಮು. ಮನುಷ್ಯ ಕಾಣಲಿಲ್ಲ.

"ಒಳಗ ಯಾರದು?"

"ನಮ್ಮ ಮಾವ ರೀ. ಬೀಡಿ ಕೆಮ್ಮ ಅದು. ಎರಡ ವರ್ಷಾತು, ಹಂಗ ಐತಿ. ನಮ್ಮ ರೇಣಿ ಅಜ್ಜನ ಬಿಟ್ಟ ಮಲಗಂಗೇ ಇಲ್ಲ."

ಬೀಡಿಯ ಊರುಗಳ ನಡುವೆ ಹುಟ್ಟಿದವರಿಗೆ ಮುದುಕರ ಕೆಮ್ಮು ಕೆಮ್ಮಾಗಿ ಕೇಳುವುದಿಲ್ಲ. ಒಳಗೆ ಹೋಗಿ ನೋಡಿದೆ. ಕಂಬಳಿಯಲ್ಲಿ ಎಲುಬಿನ ಗೂಡು, ಪಕ್ಕದಲ್ಲಿ ಉಗುಳುವ ಬೂದಿಯ ಡಬ್ಬಿ, ಬೂದಿಯಲ್ಲಿ ರಕ್ತದ ಕೆಂಪು. ಟಿ.ಬಿ. ಎಂದು ಹೇಳಲು ಡಾಕ್ಟರೇ ಬೇಕಿಲ್ಲ. ಅದು ಕುತ್ತಿಗೆಯಲ್ಲಿ ಗಂಟಾಗಿ ಬರುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ.

ಅಂದು ನಿಪ್ಪಾಣಿಗೆ ಮರಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆತನ ನಮ್ಮದು, ಹಸಿದೇ ಮಲಗಿದೆ. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಕಪಾಟು ತೆಗೆದು ತಂಗೆವ್ವನ ಫೈಲು ಹುಡುಕಿದೆ. ಬೆನ್ನಿಗೆ ನನ್ನ ಪಿನ್ನು, ಪಿನ್ನಿನಲ್ಲಿ ಆ ಲಕೋಟೆ. ಒಡೆದೆ. ಎರಡೇ ಸಾಲು. ಕ್ಯಾನ್ಸರ್ ಕಂಡುಬಂದಿಲ್ಲ, ಕ್ಷಯದ ಗಂಟು.

ಹದಿನೆಂಟು ಲೈಟು ಉಳಿದಿರುವಾಗಲೇ ಬಂದಿದ್ದ ಕಾಗದ ಅದು. ಆ ಹದಿನೆಂಟನ್ನೂ ನನ್ನ ಬೆರಳೇ ಒತ್ತಿತ್ತು.

ಡಾಕ್ಟರ ಟೇಬಲ್ಲಿನ ಮೇಲೆ ಕಾಗದ ಇಟ್ಟು, ಮುಚ್ಚಿಡದೆ ಎಲ್ಲ ಹೇಳಿದೆ, ನನ್ನ ತಪ್ಪನ್ನೂ, ಮುದುಕನ ಕೆಮ್ಮನ್ನೂ. ಅವರು ಬಹಳ ಹೊತ್ತು ಓದಿದರು, ಎರಡು ಸಾಲಿಗೆ ಅಷ್ಟು ಹೊತ್ತು ಬೇಡ. ಆಮೇಲೆ ಲ್ಯಾಬಿನವರದೂ ತಪ್ಪಾಗುತ್ತದೆ, ಲೈಟಿಗೆ ಗಂಟು ಕರಗಿದ್ದನ್ನು ನೀನೇ ನೋಡಿಲ್ಲವೇ ಎಂದರು. ದನಿ ಅವರದ್ದಾಗಿರಲಿಲ್ಲ. ಒಪ್ಪಿಕೊಂಡರೆ ಇಬ್ಬರು ಹೆಂಗಸರ ಕುತ್ತಿಗೆಗೆ ಉತ್ತರ ಹೇಳಬೇಕಿತ್ತು. ಅದು ನನಗೂ ಗೊತ್ತಿತ್ತು. ನಾನೂ ಹೇಳಬೇಕಿತ್ತಲ್ಲ.

"ಆ ಕೂಸಿಗೆ ನಾ ಗುಂಡಿ ಒತ್ತಂಗಿಲ್ರಿ ಸರ್. ಕೆಲಸದಿಂದ ತಗದರೂ ಚಿಂತಿಲ್ಲ."

"ಹಂಗಾದ್ರ ನಾನ ಒತ್ತತೀನಿ," ಎಂದು ಎದ್ದೇಬಿಟ್ಟರು.

ಅಷ್ಟರಲ್ಲಿ ರಾಜ್ಮಾ ನನ್ನ ಬದಲು ಮೊದಲ ಪೇಶಂಟನ್ನು ಮಲಗಿಸಿ, ಬಾಗಿಲು ಹಾಕಿ ಬಂದಿದ್ದಳು. ಮೊದಲ ಪೇಶಂಟು ರೇಣುಕಾ. ಹೊರಗೆ ತಂಗೆವ್ವ ಕೈಮುಗಿದು ನಿಂತಿದ್ದಳು. ಡಾಕ್ಟರು ನನ್ನ ಜಾಗದಲ್ಲಿ ನಿಂತರು, ಹಳದಿ ಗಾಜಿಗೆ ಮುಖ ತಂದರು. ನಾನು ಪಕ್ಕದಲ್ಲೇ ನಿಂತು ಕನ್ನಡಿ ನೋಡಿದೆ. ದೊಡ್ಡವರ ಮಂಚದ ಮೇಲೆ ಆ ಕೂಸು ಗೊಂಬೆಯಂತೆ ಮಲಗಿತ್ತು. ಮಿಸುಕಬಾರದೆಂದು ತಾಯಿ ಕಲಿಸಿದ್ದಳು, ಉಸಿರನ್ನೂ ಹಿಡಿದಿತ್ತೋ ಏನೋ. ಅದರ ಕುತ್ತಿಗೆಗೆ ಮಷೀನಿನ ತಲೆ ಬಗ್ಗಿತ್ತು. ಡಾಕ್ಟರ ಬೆರಳು ಗುಂಡಿಯ ಮೇಲಿತ್ತು.

ಆಗ ರೇಣುಕಾ ಕಣ್ಣು ಹೊರಳಿಸಿ ಮೂಲೆಯ ಕಡೆ ನೋಡಿದಳು. ಯಾರನ್ನೋ ಕಂಡವಳ ಹಾಗೆ ನೋಡಿದಳು. ನಿಧಾನವಾಗಿ ಎರಡೂ ಕೈ ಎದೆಯ ಮೇಲೆ ತಂದು ಆ ಮೂಲೆಗೆ ನಮಸ್ಕಾರ ಮಾಡಿದಳು.

 ಕಾಗವಾಡದ ಮುದುಕಿ ಹೇಳಿದ್ದು ಇದನ್ನೇ. ಮೂಲೆಯಲ್ಲಿ ನಿಂತು, ಮಾತಾಡದೆ, ಬರೀ ನೋಡುವವಳು.

"ಒಳಗ ಯಾರದಾರ?" ಡಾಕ್ಟರು ಪಿಸುಗುಟ್ಟಿದರು.

ಯಾರೂ ಇಲ್ಲ ಎನ್ನಲು ಬಾಯಿ ತೆರೆದವಳು ಕನ್ನಡಿಯನ್ನು ನೋಡುತ್ತಲೇ ನಿಂತೆ. ರೇಣುಕಾಳ ಕಣ್ಣು ಮೂಲೆಯ ಆ ಕನ್ನಡಿಯಲ್ಲೇ ನೆಟ್ಟಿತ್ತು. ನೇರ ನಮ್ಮ ಕಣ್ಣಲ್ಲಿತ್ತು. ನಮಗೆ ಅವಳು ಕಂಡ ಮೇಲೆ ಅವಳಿಗೂ ನಾವು ಕಾಣಲೇಬೇಕಲ್ಲ. ಇಷ್ಟು ವರ್ಷ ಇದು ಹೊಳೆದಿರಲಿಲ್ಲ. ಆ ಮೂಲೆಯಲ್ಲಿ ನಿಂತು ಎಲ್ಲರನ್ನೂ ನೋಡುತ್ತಿದ್ದವಳು ನಾನೇ.

"ನಾವ ರೀ ಸರ್," ಎಂದೆ. "ಆಕಿ ನಮಗ ಕೈ ಮುಗದಾಳ."

ಡಾಕ್ಟರು ಬೆರಳು ತೆಗೆದರು. ಗಾಜಿನಿಂದ ಹಿಂದೆ ಸರಿದು ಗೋಡೆಗೆ ಒರಗಿದರು. ಮಷೀನ್ ಕೆಟ್ಟಿದೆ ಎಂದು ಹೊರಗೆ ಹೇಳು ಎಂದರು. ಅಂದು ಎಲ್ಲರನ್ನೂ ವಾಪಸು ಕಳಿಸಿದೆವು. ಮಷೀನ್ ಚೆನ್ನಾಗಿಯೇ ಇತ್ತು.

ರೇಣುಕಾಳ ಗಂಟಿನ ಚೂರನ್ನು ಮರುದಿನವೇ ತೆಗೆಸಿ, ಅಂಚೆಗೆ ಹಾಕದೆ ನಾನೇ ಬಸ್ಸಿನಲ್ಲಿ ಬೆಳಗಾವಿಗೆ ಒಯ್ದೆ. ಕ್ಷಯವೇ. ಮುದುಕನ ಕಫದಲ್ಲೂ ಅದೇ. ಶೋಭಾಳ ಲೈಟು ಹತ್ತಕ್ಕೆ ನಿಂತಿತು. ಇಡೀ ಮನೆಗೆ ಸೂಜಿ, ಗುಳಿಗೆ ಶುರುವಾದವು. ಮುದುಕ ಉಳಿಯಲಿಲ್ಲ, ಉಳಿದವರೆಲ್ಲ ಉಳಿದರು. ಡಾಕ್ಟರು ಮನೆಯವರಿಗೆ ಹೇಳಿದ್ದು ಇಷ್ಟೇ. ಲೈಟಿನ ಕೆಲಸ ಮುಗಿಯಿತು, ಇನ್ನು ಗುಳಿಗೆಯ ಕೆಲಸ. ನಾನು ಪಕ್ಕದಲ್ಲಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ಕೂಸು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಡಾಕ್ಟರು ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ವಾರದೊಳಗೆ ಗುಂಡಿಯ ಮೇಲ್ಗಡೆ ಒಂದು ಕಾಗದ ಅಂಟಿಸಿದರು, ತಮ್ಮದೇ ಅಕ್ಷರದಲ್ಲಿ. ಲ್ಯಾಬಿನ ಚೀಟಿ ಓದದೆ ಚೌಕ ಹಾಕಬಾರದು. ಓದುವ ಕೆಲಸ ಇಬ್ಬರದೂ. ಅವರ ನಂತರ ಬಂದ ಕಿರಿಯ ಡಾಕ್ಟರು, ತೊಂಬತ್ತರ ದಶಕದಲ್ಲಿ, ಎಲುಬಿನ ನೋವಿಗೆ ಒಂದೇ ಒಂದು ಲೈಟು ಕೊಟ್ಟು ಮನೆಗೆ ಕಳಿಸಲು ಶುರುಮಾಡಿದರು. ಜನ ಜಗಳಕ್ಕೇ ಬರುತ್ತಿದ್ದರು. ನಾನು ಅವರನ್ನು ಕೂರಿಸಿಕೊಂಡು ಅಥಣಿಯ ಬಸಪ್ಪನ ಕಥೆ ಹೇಳುತ್ತಿದ್ದೆ. ಲೈಟಿನ ಮೇಲೆ ನನಗೇನೂ ಹಗೆಯಿಲ್ಲ. ಗಂಟಲ ಕ್ಯಾನ್ಸರಾಗಿದ್ದ ಕಾಗವಾಡದ ಒಬ್ಬ ದ್ರಾಕ್ಷಿ ಬೆಳೆಗಾರ ಮೂವತ್ತಕ್ಕಿಂತ ಹೆಚ್ಚು ಲೈಟು ತೆಗೆದುಕೊಂಡು, ದನಿ ಮರಳಿ ಬಂದು, ಈಗಲೂ ಫೋನಿನಲ್ಲಿ ನನ್ನನ್ನು ಜೋರಾಗಿ ಚಾಷ್ಟಿ ಮಾಡುತ್ತಾನೆ. ಬೇಕಾದವರಿಗೆ ಪೂರ್ತಿ ಕೊಡಿ. ಬೇಡದವರಿಗೆ ಒಂದೂ ಬೇಡ. ಹೊಸಬರನ್ನು ಮಲಗಿಸುವಾಗ, ಮೂಲೆಯಲ್ಲಿ ಕಾಣುವವಳು ನಾನೇ, ಹೆದರಬೇಡಿ ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಆಮೇಲೆ ಯಾರೂ ಕೇಳಲಿಲ್ಲ.

ಹನ್ನೊಂದು ಹನ್ನೆರಡು ವರ್ಷದ ಮೇಲೆ, ಯಾವುದೋ ಕೆಲಸಕ್ಕೆ ರಾಯಬಾಗಕ್ಕೆ ಹೋದವಳು ತಡೆಯಲಾರದೆ ಪಾಲಬಾವಿಗೂ ಹೋದೆ. ಓಣಿಯ ಮಕ್ಕಳ ಕುತ್ತಿಗೆಗಳು ಖಾಲಿ ಇದ್ದವು. ಮೇವಿನ ಹೊರೆ ಹೊತ್ತು ಎದುರಿಗೆ ಬಂದ ಹುಡುಗಿಯೇ ರೇಣುಕಾ. ನೆಟ್ಟನೆಯ ಕುತ್ತಿಗೆ, ಎಡಗಡೆ ಚೂರು ತೆಗೆದ ಜಾಗದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುರುತು. ಹೊರೆಯ ಭಾರಕ್ಕೂ ಅದು ಬಾಗಿರಲಿಲ್ಲ. 

ತಂಗೆವ್ವ ಅದೇ ಕಟ್ಟೆಯ ಮೇಲಿದ್ದಳು. ನಾನು ಕರೆದಾಗ ತಲೆ ತಿರುಗಿಸಲಿಲ್ಲ, ಇಡೀ ಮೈ ತಿರುಗಿಸಿದಳು. ಬಲಗಡೆಯ ಚರ್ಮ ತೊಗಲಿನಂತೆ ಗಟ್ಟಿಯಾಗಿ ಕುತ್ತಿಗೆ ಹೊರಳುತ್ತಿರಲಿಲ್ಲ. ನನ್ನ ಚೌಕ, ಮೂಲೆ ಸಮೇತ, ಕಪ್ಪಗೆ ಹಾಗೇ ಇತ್ತು. ಸೆರಗು ಎಂದಿನಂತೆ ಅದು ಕಾಣುವ ಹಾಗೆ ಹಿಂದಕ್ಕೆ ಸರಿದಿತ್ತು. ಪಕ್ಕದ ಮನೆಯ ಹೊಸ ಸೊಸೆಯನ್ನು ಕರೆದು, ನನ್ನ ಜೀವ ಉಳಿಸಿದ ಬಾಯಿ ಇವರೇ, ಇದು ಇವರೇ ಹಾಕಿದ್ದು ಎಂದು ಚೌಕ ತೋರಿಸಿದಳು. ಸೊಸೆ ನನಗೆ ಕೈ ಮುಗಿದಳು. ಇನ್ನು ಒಂದು ಗಳಿಗೆಯೂ ನನ್ನಿಂದ ತಡೆಯಲಾಗಲಿಲ್ಲ.

ಎಲ್ಲ ಹೇಳಿದೆ. ಲಕೋಟೆ, ಪಿನ್ನು, ಎರಡು ಸಾಲು, ಉಳಿದಿದ್ದ ಹದಿನೆಂಟು. ನಿನಗೆ ಎಂದೂ ಕ್ಯಾನ್ಸರು ಇರಲೇ ಇಲ್ಲ, ನಿನ್ನನ್ನು ಉಳಿಸಿದ್ದು ಗುಳಿಗೆ ಎಂದೆ. ಸೊಸೆ ಮೆಲ್ಲಗೆ ಒಳಗೆ ಹೋದಳು. ತಂಗೆವ್ವ ನನ್ನನ್ನೇ ನೋಡುತ್ತಿದ್ದಳು.

"ಹಂಗಾದ್ರ ಇದು ಬೇಕಾಗಿದ್ದಿಲ್ಲೇನ್ರಿ?"

"ಬೇಕಾಗಿದ್ದಿಲ್ಲ, ತಂಗೆವ್ವ."

ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಎಡಗೈಯಿಂದ ಸೆರಗನ್ನು ಎಳೆದು, ಕಿವಿಯಿಂದ ಹೆಗಲಿನವರೆಗೆ ಆ ಚೌಕವನ್ನು ಮುಚ್ಚಿದಳು. ರೇಣುಕಾಳಿಗೆ ಚಹಾ ಇಡಲು ಹೇಳಿದಳು, ನನ್ನ ಊರಿನ ಮಳೆ ಬೆಳೆ ವಿಚಾರಿಸಿದಳು. ನಾನು ಚಹಾ ಕುಡಿದು ಏಳುವವರೆಗೂ ಸೆರಗನ್ನು ಗದ್ದದ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.